ಎಣ್ಣೆಬಣ್ಣ ಒಣಗುತ್ತದಾ, ಆರುತ್ತದಾ, ಮಾಗುತ್ತದಾ?

ನಮಸ್ಕಾರ,

ಎಣ್ಣೆಬಣ್ಣದಲ್ಲಿ ಚಿತ್ರ ಬರೆಯಲು ಕಲಿಯುವವರಿಗಾಗಿ ಕನ್ನಡದಲ್ಲೊಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ‘ಒಣಗು’ ಎಂಬ ಒಂದೇ ಪದದಲ್ಲಿ.

ಕರಡಿನಲ್ಲಿ ‘ಚಿತ್ರ ಒಣಗಿದ ಮೇಲೆ ವಾರ್ನಿಷ್ ಹಚ್ಚಿ’ ಎಂದು ಬರೆದಿದ್ದೆ. ಓದಿದ ಗೆಳೆಯರೊಬ್ಬರು 10ನೇ ದಿನ ಬೆರಳಿಟ್ಟು ನೋಡಿ, ಅಂಟಲಿಲ್ಲ ಅಂತ ಹಚ್ಚಿಯೇಬಿಟ್ಟರು. ಆದರೆ 6 ತಿಂಗಳಿಂದ 1 ವರ್ಷ ಕಾಯುವುದು ಹಳೆಯ ರೂಢಿ. ತಪ್ಪು ಅವರದಲ್ಲ, ಪದದ್ದು.

ಒಣಗು ಅಂದರೆ ತೇವ ಹೋಯಿತು ಅಂತ ನಮ್ಮ ಲೆಕ್ಕ, ಅಲ್ವಾ? ಎಣ್ಣೆಬಣ್ಣದಲ್ಲಿ ಹಾಗಾಗುವುದಿಲ್ಲ. ಬಣ್ಣದ ಪುಡಿಯನ್ನು ಸಾಮಾನ್ಯವಾಗಿ ಅರೆಯುವ ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತದೆ. ಕಡಿಮೆಯಾಗುವುದಿರಲಿ, ಮೊದಮೊದಲು ಅದರ ತೂಕವೇ ಜಾಸ್ತಿಯಾಗುತ್ತದೆ. ಕೊಬ್ಬರಿ ಎಣ್ಣೆಗೂ ಆಲಿವ್ ಎಣ್ಣೆಗೂ ಈ ಗುಣವಿಲ್ಲ. ಅದಕ್ಕೇ ಅವು ಚಿತ್ರಕ್ಕೆ ಬರುವುದಿಲ್ಲ.

ಹಾಗಾದರೆ ‘ಆರು’? ನನಗೆ ತುಂಬಾ ಇಷ್ಟವಾದ ಪದ. ಬಟ್ಟೆ ಆರುತ್ತದೆ, ಗಾಯ ಆರುತ್ತದೆ, ಬಿಸಿನೀರು ಆರುತ್ತದೆ, ದೀಪ ಆರುತ್ತದೆ. ಎಲ್ಲದರಲ್ಲೂ ಏನೋ ತಣಿಯುತ್ತದೆ. ತೊಡಕಿರುವುದೇ ಅಲ್ಲಿ. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ, ಆ ಬಿಸಿ ಒಳಗೇ ಕೂಡಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ‘ಆರಲು ಬಿಡಿ’ ಅಂತ ಬರೆದು ಯಾರದೋ ಮನೆಗೆ ಬೆಂಕಿ ಇಟ್ಟ ಪಾಪ ನನಗೆ ಬೇಡ. ಬಣ್ಣ ತೆಳು ಮಾಡಲು ಬೆರೆಸುವ ಟರ್ಪಂಟೈನ್ ಮಾತ್ರ ನಿಜವಾಗಿಯೂ ಗಾಳಿಗೆ ಹಾರಿಹೋಗುತ್ತದೆ. ಅದರ ಮಟ್ಟಿಗೆ ‘ಆರು’ ಸರಿ. ಆದರೆ ಅದು ಆರಿದ ಮೇಲೂ ಎಣ್ಣೆ ಅಲ್ಲೇ ಕೂತಿರುತ್ತದೆ.

ಹಾಗಾಗಿ ಒಂದು ಪದದ ಬದಲು ಮೂರು ಇಟ್ಟುಕೊಂಡರೆ ಹೇಗೆ ಅಂತ ಯೋಚಿಸಿದ್ದೇನೆ. ಮೊದಲು ‘ಕೆನೆಗಟ್ಟು’. ಬಣ್ಣ ದಪ್ಪವಾಗಿ, ಎಣ್ಣೆ ಜಾಸ್ತಿಯಾಗಿ ಇದ್ದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯೇ ಉಳಿಯುತ್ತದೆ, ಮೇಲ್ಮೈ ಸುಕ್ಕಾಗುತ್ತದೆ. ಹಾಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೆಯದು ಬೆರಳಿಗೆ ಅಂಟದ ಹಂತ. ಇದಕ್ಕೆ ‘ಅಂಟು ಬಿಡು’ ಅಂತ ಬರೆದೆ. ಆಮೇಲೆ ಅನುಮಾನ ಬಂತು: ‘ಅಂಟು ಬಿಟ್ಟಿದೆ’ ಅಂದರೆ ಬಣ್ಣ ಕ್ಯಾನ್ವಾಸಿನಿಂದ ಕಿತ್ತುಬಂದಿದೆ ಅಂತಲೂ ಅರ್ಥವಾಗಬಹುದು. ಈ ಹಂತಕ್ಕೆ ಅಂಬರ್ ಎಂಬ ಕಂದು ಮಣ್ಣಿನ ಬಣ್ಣ 1-2 ದಿನದಲ್ಲೇ ಬರುತ್ತದೆ, ಅದರಲ್ಲಿರುವ ಮ್ಯಾಂಗನೀಸ್ ಅವಸರಿಸುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ವಾರ ಕಳೆದರೂ ಅಂಟಂಟಾಗಿಯೇ ಇರಬಹುದು. ಬೇಗ ಗಟ್ಟಿಯಾಗುವ ಆಲ್ಕಿಡ್ ಎಂಬ ಕೃತಕ ರಾಳ ಬೆರೆಸಿದರೆ ಹೆಚ್ಚುಕಮ್ಮಿ 1 ದಿನ ಸಾಕು. ಗಸಗಸೆ ಎಣ್ಣೆಯಲ್ಲಿ ಅರೆದ ಬಣ್ಣ ಇನ್ನೂ ನಿಧಾನ, ಆದರೆ ಹಳದಿಗೆ ತಿರುಗುವುದು ಕಡಿಮೆ. ಕೊನೆಯದು ‘ಮಾಗು’: ತಿಂಗಳುಗಟ್ಟಲೆ ಒಳಗೊಳಗೇ ನಡೆಯುವ ಬದಲಾವಣೆ. ‘ಚಿತ್ರ ಮಾಗಿದ ಮೇಲೆ ವಾರ್ನಿಷ್ ಹಚ್ಚಿ’ ಅಂದಿದ್ದರೆ ಗೆಳೆಯರು ಬೆರಳಿಡುವ ಮೊದಲು ನನಗೊಂದು ಫೋನಾದರೂ ಮಾಡುತ್ತಿದ್ದರು.

‘ಇಂಗು’ ಮಾತ್ರ ತಾನಾಗಿಯೇ ಬಂದು ಕೂತುಕೊಂಡಿತು. ಕೆಳಗಿನ ಪದರ ಎಣ್ಣೆ ಹೀರಿ ಬಣ್ಣ ಅಲ್ಲಲ್ಲಿ ಮಂಕಾಗುತ್ತದಲ್ಲ, ಅದಕ್ಕೆ. ಎಣ್ಣೆ ಇಂಗಿದೆ, ಅಷ್ಟೇ.

ಇನ್ನು ‘ಮೀಡಿಯಂ’, ಅಂದರೆ ಬಣ್ಣದ ಹದ ಬದಲಿಸಲು ಅದಕ್ಕೆ ಬೆರೆಸುವ ಎಣ್ಣೆಯಂಥ ದ್ರವ. ‘ಮಾಧ್ಯಮ’ ಅಂದರೆ ‘ತೈಲವರ್ಣ ಮಾಧ್ಯಮಕ್ಕೆ ಮಾಧ್ಯಮ ಬೆರೆಸಿ’ ಎಂಬ ವಾಕ್ಯ ಬರೆಯಬೇಕಾಗುತ್ತದೆ. ‘ಬೆರಕೆ’ ಅಂದರೆ ಕಲಬೆರಕೆಯ ವಾಸನೆ. ಸುಮ್ನೆ ಮೀಡಿಯಂ ಅಂತಲೇ ಬಿಡುವುದು ನನ್ನ ಮತ.

ಒಂದರ ಮೇಲೊಂದು ಬಣ್ಣದ ಪದರ ಹಚ್ಚುವ ನಿಯಮವನ್ನು ‘ತೆಳುವಿನ ಮೇಲೆ ದಪ್ಪ’ ಎಂದರೆ ದಾರಿ ತಪ್ಪುತ್ತದೆ. ಮಾತು ದಪ್ಪದ್ದಲ್ಲ, ಎಣ್ಣೆಯದ್ದು. ಮೇಲಿನ ಪದರ ಬೇಗ ಬಿಗಿದುಕೊಂಡು, ಕೆಳಗಿನದು ಇನ್ನೂ ಅಲುಗಾಡುತ್ತಿದ್ದರೆ ಚಿತ್ರ ಬಿರುಕು ಬಿಡುತ್ತದೆ. ‘ಕೆಳಗೆ ಜಿಡ್ಡು ಕಮ್ಮಿ, ಮೇಲೆ ಜಿಡ್ಡು ಜಾಸ್ತಿ’ ಅಂತ ಬರೆದಿದ್ದೇನೆ. ‘ಜಿಡ್ಡು’ ಕೇಳಿದರೆ ಕೊಳೆ ನೆನಪಾಗುತ್ತದೆ ಅಂತ ಮನೆಯಲ್ಲಿ ತಕರಾರಿದೆ. ನಿಮಗೂ ಹಾಗನ್ನಿಸುತ್ತದಾ?

ಮರಕ್ಕೆ ಎಣ್ಣೆ, ಪಾಲಿಷ್ ಹಚ್ಚುವವರು ‘ಅಂಟು ಬಿಡು’ವ ಹಂತಕ್ಕೆ ಬೇರೆ ಏನಾದರೂ ಅನ್ನುತ್ತಾರಾ? ಅವರ ಬಾಯಿಂದ ಕೇಳಿದವರಿದ್ದರೆ ದಯವಿಟ್ಟು ಬರೆಯಿರಿ. ನಿಘಂಟಿಗಿಂತ ಅವರ ಮಾತೇ ನನಗೆ ಹೆಚ್ಚು ಬೇಕು.