ಮಗನನ್ನು ರಾಜಕುಮಾರಿಯರ ಟೀ ಪಾರ್ಟಿಗೆ ಕರೆದಿದ್ದಾರೆ, ಅವನಿಗೆ ಫ್ರಾಕೇ ಬೇಕಂತೆ

ಕೋಥ್ರೂಡ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ಹುಬ್ಬಳ್ಳಿ, ಈಗ ಇರುವುದು ಪುಣೆಯ ಕೋಥ್ರೂಡ್‌ನಲ್ಲಿ. ಮಗನಿಗೆ ನಾಲ್ಕು ವರ್ಷ ತುಂಬಿ ಮೂರು ತಿಂಗಳಾಯಿತು. ನಮ್ಮ ಸೊಸೈಟಿಯ ಇನ್ನೊಂದು ವಿಂಗ್‌ನಲ್ಲಿ ಅವನ ಗೆಳತಿ ಇದ್ದಾಳೆ, ಇಬ್ಬರೂ ಒಂದೇ ಸ್ಕೂಲ್ ವ್ಯಾನ್‌ನಲ್ಲಿ ಹೋಗುತ್ತಾರೆ. ಬರುವ ಶನಿವಾರ ಅವಳಿಗೆ ಐದು ತುಂಬುತ್ತದೆ. ಸಂಜೆ ನಾಲ್ಕೂವರೆಗೆ ಕ್ಲಬ್‌ಹೌಸ್‌ನಲ್ಲಿ ರಾಜಕುಮಾರಿಯರ ಟೀ ಪಾರ್ಟಿ ಅಂತ ಕಾರ್ಡ್ ಬಂದಿದೆ. ಕರೆದಿರುವ ಹತ್ತು ಮಕ್ಕಳಲ್ಲಿ ಹುಡುಗ ಇವನೊಬ್ಬನೇ.

ಹುಡುಗಿಯ ಅಮ್ಮ ಫೋನ್ ಮಾಡಿ, "ರಾಜಕುಮಾರನಾಗಿ ಬರಲಿ, ಸಾದಾ ಬಟ್ಟೆಯಲ್ಲಿ ಬರಲಿ, ಹೇಗೆ ಬಂದರೂ ಸರಿ, ಅವನು ಬರಲೇಬೇಕು ಅಂತಿದ್ದಾಳೆ ನನ್ನ ಮಗಳು" ಅಂದರು. ಆದರೆ ನಮ್ಮವನಿಗೆ ರಾಜಕುಮಾರ ಬೇಡ. ಅವನಿಗೆ ಕಿರೀಟ ಬೇಕು, ಗಿರಗಿರ ತಿರುಗಿದರೆ ಛತ್ರಿಯ ಹಾಗೆ ಅರಳುವ ಫ್ರಾಕ್ ಬೇಕು. ಮೂರು ದಿನದಿಂದ ನನ್ನ ದುಪಟ್ಟಾ ಸೊಂಟಕ್ಕೆ ಕಟ್ಟಿಸಿಕೊಂಡು ಹಾಲ್‌ನಲ್ಲಿ ತಿರುಗುತ್ತಿದ್ದಾನೆ. ತಲೆ ಸುತ್ತಿ ಸೋಫಾ ಮೇಲೆ ಬೀಳುತ್ತಾನೆ, ಎದ್ದು ಮತ್ತೆ ತಿರುಗುತ್ತಾನೆ.

ಅತ್ತೆಗೆ ಇದು ಸೇರಿಲ್ಲ. "ಗಂಡು ಹುಡುಗನಿಗೆ ಇದೆಂಥ ವೇಷ, ನಾಲ್ಕು ಜನ ನಕ್ಕರೆ ಯಾರು ಹೊಣೆ" ಅನ್ನುತ್ತಾರೆ. ನಮ್ಮ ಮನೆಯವರು ಜ್ವರ ಅಂತ ಹೇಳಿ ತಪ್ಪಿಸಿಬಿಡೋಣ ಅಂತಾರೆ. ಮಗನ ಎದುರಿಗೇ ಸುಳ್ಳು ಹೇಳಲು ನನಗೆ ಮನಸ್ಸಿಲ್ಲ.

ನಿಜ ಹೇಳಬೇಕೆಂದರೆ ನನಗೂ ಭಯ ಇದೆ. ಹೋದ ಗಣಪತಿ ಹಬ್ಬದಲ್ಲಿ ಇವನು ಹಟ ಮಾಡಿ ನನ್ನ ಹತ್ತಿರ ನೇಲ್ ಪಾಲಿಶ್ ಹಚ್ಚಿಸಿಕೊಂಡಿದ್ದ. ಲಿಫ್ಟ್‌ನಲ್ಲಿ ಪಕ್ಕದ ಫ್ಲೋರಿನವರೊಬ್ಬರು "ಅರೇ, ತೂ ಮುಲ್ಗೀ ಆಹೇಸ್ ಕಾ?" ಅಂತ ಜೋರಾಗಿ ನಕ್ಕರು. ನೀನು ಹುಡುಗಿಯಾ ಅಂತ. ಅವರು ಕೆಟ್ಟವರೇನಲ್ಲ, ಸುಮ್ನೆ ಮಾತಿಗೆ ಅಂದಿದ್ದು. ಇವನು ಮಾತ್ರ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ. ಮನೆಗೆ ಬಂದ ಮೇಲೂ ಕೈ ಮುಂದೆ ತರಲಿಲ್ಲ, ರಿಮೂವರ್ ಹಚ್ಚಿ ಒರೆಸುವವರೆಗೂ ತುತ್ತು ಮುಟ್ಟಲಿಲ್ಲ. ಆ ಬೆನ್ನ ಹಿಂದಿನ ಕೈ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಕಳಿಸಲಾ? ಕಳಿಸಿದರೆ ಏನು ಹಾಕಿ ಕಳಿಸಲಿ? ಯಾರಾದರೂ ಹಾಗೆ ಅಂದರೆ ಆ ಕ್ಷಣಕ್ಕೆ ಏನು ಹೇಳಲಿ? ಟೀ ಪಾರ್ಟಿ ಅನುಭವ ಇರುವವರು ಗಿಫ್ಟ್ ಏನು ಒಯ್ಯಬೇಕು ಅನ್ನೋದನ್ನೂ ಹೇಳಿ.

ಡೊಂಬಿವಲಿ ಅಪ್ಪ

ಅಕ್ಕ, ಕಳಿಸಿ. ಫ್ರಾಕ್ ಹಾಕಿಯೇ ಕಳಿಸಿ.

ನಾವು ಉಡುಪಿ ಕಡೆಯವರು. ನಮ್ಮ ದೊಡ್ಡಪ್ಪ ಮುಂಬೈಯಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು, ರಜೆಯ ದಿನ ಯಕ್ಷಗಾನದ ಆಟ ಇದ್ದರೆ ಸ್ತ್ರೀವೇಷ ಮಾಡುತ್ತಿದ್ದರು. ದಮಯಂತಿ, ಚಂದ್ರಮತಿ, ದ್ರೌಪದಿ. ಯಕ್ಷಗಾನದ ಮೇಳಗಳಲ್ಲಿ ಹೆಣ್ಣಿನ ಪಾತ್ರಗಳನ್ನೆಲ್ಲ ಗಂಡಸರೇ ಮಾಡಿಕೊಂಡು ಬಂದದ್ದು, ನಿಮಗೆ ಗೊತ್ತೇ ಇದೆ. ನಾನು ಐದಾರು ವರ್ಷದವನಿದ್ದಾಗ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಅವರ ಪಕ್ಕದಲ್ಲೇ ಚಾಪೆ ಮೇಲೆ ಕೂತಿರುತ್ತಿದ್ದೆ. ಗಡ್ಡ ನುಣ್ಣಗೆ ಬೋಳಿಸಿ, ಮುಖಕ್ಕೆ ಬಣ್ಣ ಹಚ್ಚಿ, ಸೀರೆ ಉಟ್ಟು, ಡಾಬು ಬಿಗಿದು, ಕೊನೆಗೆ ಬಳೆ. ಬಳೆ ತೊಟ್ಟ ಮೇಲೆ ಅವರು ಚಾ ಲೋಟ ಹಿಡಿಯುವ ರೀತಿಯೇ ಬೇರೆ ಆಗುತ್ತಿತ್ತು. ರಂಗಕ್ಕೆ ಹೋಗುವ ಮೊದಲು ಊರಿನ ದೊಡ್ಡ ದೊಡ್ಡ ಗಂಡಸರು ಬಂದು ಮರ್ಯಾದೆಯಿಂದ ಮಾತಾಡಿಸಿ ಹೋಗುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಆಟ ಮುಗಿದರೆ ಬಣ್ಣ ತೆಗೆದು ಮರುದಿನ ಗಲ್ಲಾದಲ್ಲಿ ಹಾಜರು.

ನಿಮ್ಮ ಮಗನಿಗೂ ಅದು ವೇಷವೇ. ನಾಲ್ಕು ವರ್ಷದ ಮಗು ಹುಲಿ ಆಗುತ್ತದೆ, ಬಸ್ಸು ಆಗುತ್ತದೆ, ರಾಜಕುಮಾರಿಯೂ ಆಗುತ್ತದೆ. ಅದರಿಂದ ಮುಂದೆ ಏನೋ ಆಗಿಬಿಡುತ್ತದೆ ಅಂತ ಲೆಕ್ಕ ಹಾಕಲು ಹೋಗಬೇಡಿ. ಏನೇ ಆದರೂ ಅವನು ನಿಮ್ಮ ಮಗನೇ ಅಲ್ವಾ.

ಲಿಫ್ಟ್‌ನ ಮಾತಿಗೆ ನನ್ನ ಹತ್ತಿರ ಒಂದು ಉಪಾಯ ಇದೆ. ಯಾರು ಏನೇ ಅಂದರೂ ನೀವು ನಗುಮುಖದಿಂದ "ತ್ಯಾಲಾ ಆವಡತಂ, ಮ್ಹಣೂನ್ ಘಾತ್ಲಂ" ಅನ್ನಿ. ಅವನಿಗೆ ಇಷ್ಟ, ಅದಕ್ಕೆ ಹಾಕಿದ್ದಾನೆ, ಅಷ್ಟೇ. ವಿವರಣೆ ಕೊಡಲು ಹೋಗಬೇಡಿ. ಮುಖ್ಯ ಏನೆಂದರೆ ನಿಮ್ಮ ಧ್ವನಿ. ಮಗು ಮಾತಿಗಿಂತ ಜಾಸ್ತಿ ಅಮ್ಮನ ಮುಖ ನೋಡುತ್ತದೆ. ಹಿಂದಿನ ದಿನ ಮನೆಯಲ್ಲೇ ಎರಡು ಸಲ ಆಟದ ಥರ ಹೇಳಿ ಅಭ್ಯಾಸ ಮಾಡಿ.

ಥಾಣೆ ನಿವಾಸಿ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಬೇಜಾರು ಮಾಡಿಕೊಳ್ಳಬೇಡಿ. ಮಗು ಮನೆಯಲ್ಲಿ ಏನು ಹಾಕಿಕೊಂಡು ಕುಣಿದರೂ ನನಗೆ ತಕರಾರಿಲ್ಲ. ಆದರೆ ಪಾರ್ಟಿ ಅಂದರೆ ಹತ್ತು ಫೋನು. ಅವತ್ತು ರಾತ್ರಿಯೇ ಫೋಟೋಗಳು ಸೊಸೈಟಿ ಗ್ರೂಪ್‌ಗೆ ಬರುತ್ತವೆ, ಅಲ್ಲಿಂದ ಎಲ್ಲಿಗೆ ಹೋಗುತ್ತವೋ ನಮ್ಮ ಕೈಯಲ್ಲಿ ಇರುವುದಿಲ್ಲ. ನಾಲ್ಕು ವರ್ಷದವನಿಗೆ ಇವತ್ತು ಖುಷಿ. ಹನ್ನೆರಡು ವರ್ಷದವನಾದಾಗ ಅದೇ ಫೋಟೋ ಯಾರಾದರೂ ತೆಗೆದು ತೋರಿಸಿದರೆ? ನನ್ನ ಅಣ್ಣನ ಮಗ ಶಾಲೆಯಲ್ಲಿ ಇಂಥದ್ದೇ ಒಂದು ಹಳೆಯ ಫೋಟೋದಿಂದ ತುಂಬಾ ಅತ್ತಿದ್ದಾನೆ, ಅದಕ್ಕೆ ಹೇಳುತ್ತಿದ್ದೇನೆ.

ಪುಣೆಯಲ್ಲೇ ಇದ್ದೀರಿ. ಲಕ್ಷ್ಮೀ ರೋಡ್‌ನಲ್ಲಿ ಮಕ್ಕಳ ಅಳತೆಯ ರೆಡಿಮೇಡ್ ಫೇಟಾ, ಅಂದರೆ ಪೇಟ, ಸಿಗುತ್ತದೆ, ಗುಲಾಬಿ ಬಣ್ಣದ್ದು, ಜರಿ ಇರುವಂಥದ್ದು. ಅದಕ್ಕೊಂದು ಮುತ್ತಿನ ಸರ, ಬೇಕಾದರೆ ಕಿವಿಗೆ ಒತ್ತಿ ಸಿಕ್ಕಿಸುವ ಭಿಕಬಾಳಿ, ಮರಾಠಿ ಗಂಡಸರ ಕಿವಿಯ ಆಭರಣ. ಗುಲಾಬಿಯೂ ಬಂತು, ಮುತ್ತೂ ಬಂತು, ಯಾರೂ ಮಾತಾಡುವುದಿಲ್ಲ.

ಕೋಥ್ರೂಡ್ ಕನ್ನಡತಿ

ಇಬ್ಬರಿಗೂ ಥ್ಯಾಂಕ್ಸ್. ಫೋಟೋ ವಿಷಯ ನನಗೆ ಹೊಳೆದೇ ಇರಲಿಲ್ಲ, ಅದು ಸರಿಯಾದ ಮಾತು. ಹುಡುಗಿಯ ಅಮ್ಮನಿಗೆ ಮೊದಲೇ ಹೇಳುತ್ತೇನೆ, ಮಕ್ಕಳ ಫೋಟೋ ಅವರವರ ಅಪ್ಪ ಅಮ್ಮನಿಗೆ ಮಾತ್ರ ಕಳಿಸಿ, ಗ್ರೂಪ್‌ಗೆ ಬೇಡ ಅಂತ. ಫೇಟಾ ಕೂಡ ತರುತ್ತೇನೆ. ಆದರೆ ಫ್ರಾಕ್ ಬದಲಿಗೆ ಅಂತ ಅಲ್ಲ, ಎರಡೂ ಮುಂದಿಟ್ಟು ಅವನನ್ನೇ ಕೇಳುತ್ತೇನೆ.

ಮಡಗಾಂವ್ ಮನೆಯಾಕೆ

ಹೋದ ವರ್ಷ ನನ್ನ ಅವಳಿ ಮಕ್ಕಳಿಗೆ ಇಂಥದ್ದೇ ಪಾರ್ಟಿ ಮಾಡಿದ್ದೆ, ಗೋವಾದಲ್ಲಿ. ಬಂದ ಹುಡುಗರಲ್ಲಿ ಇಬ್ಬರು ರೆಕ್ಕೆ ಕಟ್ಟಿಕೊಂಡು ಬಂದಿದ್ದರು, ಒಬ್ಬ ರಾಕ್ಷಸ. ಚೆನ್ನಾಗಿಯೇ ಆಯಿತು.

ನಿಮಗೆ ಬೇಕಾದ ಕೆಲಸದ ಮಾತು ಹೇಳುತ್ತೇನೆ. ಫ್ರಾಕ್ ಕಾಲಿನ ಗಂಟಿಗಿಂತ ಮೇಲೆ ಇರಲಿ, ನೆಲಕ್ಕೆ ತಾಗಿದರೆ ಮೆಟ್ಟಿಲಲ್ಲಿ ಮುಗ್ಗರಿಸುತ್ತಾನೆ. ಒಳಗೆ ಹತ್ತಿಯ ಚಡ್ಡಿ ಹಾಕಿ, ಬಲೆ ಬಟ್ಟೆ ತೊಡೆಗೆ ಚುಚ್ಚುತ್ತದೆ. ಪ್ಲಾಸ್ಟಿಕ್ ಕಿರೀಟದ ಹಲ್ಲುಗಳು ಕಿವಿಯ ಹಿಂದೆ ಒತ್ತಿ ಹತ್ತು ನಿಮಿಷಕ್ಕೆ ಅಳಿಸುತ್ತವೆ, ಬಟ್ಟೆಯ ಪಟ್ಟಿ ಇರುವುದೇ ಒಳ್ಳೆಯದು. ಮುಖಕ್ಕೆ ಮಿಂಚಿನ ಪುಡಿ ಬೇಡವೇ ಬೇಡ, ಕೈಯಿಂದ ಕಣ್ಣಿಗೆ ಹೋಗುತ್ತದೆ.

ಕುಡಿಯಲು ಏನಿದೆ ಅಂತ ಮೊದಲೇ ಕೇಳಿ. ಇಷ್ಟು ಚಿಕ್ಕ ಮಕ್ಕಳಿಗೆ ನಿಜವಾದ ಟೀ ಬೇಡ, ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಬಿಸಿ ಕೆಟಲ್ ಅಂತೂ ಮಕ್ಕಳ ಟೇಬಲ್ ಹತ್ತಿರವೂ ಬರಬಾರದು. ನಾನು ಟೀ ಪಾಟ್‌ಗೆ ಕೋಕಂ ಶರಬತ್ತು ಹಾಕಿದ್ದೆ, ಬಣ್ಣ ನೋಡಿಯೇ ಮಕ್ಕಳು ಕುಣಿದರು. ತಟ್ಟೆಯಲ್ಲಿ ಇಡೀ ದ್ರಾಕ್ಷಿ ಇದ್ದರೆ ಉದ್ದಕ್ಕೆ ಸೀಳಿಸಿ, ಐದು ವರ್ಷದ ಒಳಗಿನವರ ಗಂಟಲಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಕಡಲೆಕಾಯಿ, ಗೋಡಂಬಿ ಆಗದ ಮಕ್ಕಳು ಇದ್ದಾರಾ ಅಂತಲೂ ಕೇಳಿಕೊಳ್ಳಲಿ.

ಇನ್ನೊಂದು. ಅವನಿಗೆ ಅಲ್ಲಿ ಮಾಡಲು ಏನಾದರೂ ಕೆಲಸ ಇರಬೇಕು. ಈ ಮಧ್ಯಾಹ್ನದ ಟೀ ಕೂಟ ಇಂಗ್ಲೆಂಡಿನದು. 1840ರ ಸುಮಾರಿಗೆ ಬೆಡ್‌ಫರ್ಡ್‌ನ ಡಚೆಸ್ ಆನಾ ಇದನ್ನು ಚಾಲ್ತಿಗೆ ತಂದಳು ಅನ್ನುತ್ತಾರೆ. ರಾತ್ರಿ ಊಟ ತಡ, ನಡುವೆ ಹಸಿವು, ಅದಕ್ಕೆ ಟೀ ಜೊತೆ ಬ್ರೆಡ್ಡು ಬೆಣ್ಣೆ ತರಿಸಿಕೊಂಡು ಗೆಳತಿಯರನ್ನೂ ಕರೆಯತೊಡಗಿದಳಂತೆ. ಅಂದರೆ ಇದರ ಜೀವಾಳ ಬಟ್ಟೆಯಲ್ಲ, ಪಕ್ಕದವರಿಗೆ ಬಡಿಸುವುದು. ಇವತ್ತಿಂದಲೇ ಮನೆಯಲ್ಲಿ ಸ್ಟೀಲ್ ಲೋಟ ಇಟ್ಟುಕೊಂಡು ಆಟ ಆಡಿಸಿ. ಮುಚ್ಚಳದ ಮೇಲೆ ಒಂದು ಕೈ, ಹಿಡಿಯ ಮೇಲೆ ಒಂದು ಕೈ, "ಇನ್ನೊಂದು ಬಿಸ್ಕತ್ತು ಬೇಕಾ?" ಅಂತ ಕೇಳುವುದು. ಅಡುಗೆ ಆಟ ಆಡಿದ ಮಗುವಿಗೆ ಇದು ಎರಡೇ ದಿನದಲ್ಲಿ ಬರುತ್ತದೆ. ಗಿಫ್ಟ್‌ಗೂ ಅದೇ ಒಳ್ಳೆಯದು, ತುಳಶೀಬಾಗ್‌ನಲ್ಲಿ ಭಾತುಕಲಿ ಸೆಟ್ ಸಿಗುತ್ತದಲ್ಲ, ಪುಟ್ಟ ಪುಟ್ಟ ಹಿತ್ತಾಳೆ ಪಾತ್ರೆಗಳು. ನಾಲ್ಕೂವರೆಗೆ ಪಾರ್ಟಿ ಅಂದರೆ ಮಧ್ಯಾಹ್ನ ಮಲಗಿಸಿ ಕರೆದುಕೊಂಡು ಹೋಗಿ.

ಧಾರವಾಡದ ಅಜ್ಜಿ

ತಂಗಿ, ಮೂವತ್ತು ವರ್ಷದಿಂದ ನಾನೂ ಪುಣೆಯಲ್ಲೇ ಇದ್ದೇನೆ. ನಿನ್ನ ಅತ್ತೆಯ ಜೊತೆ ಜಗಳ ಆಡಬೇಡ. ಅವರನ್ನು ಒಂದೇ ಒಂದು ಪ್ರಶ್ನೆ ಕೇಳು. "ಅತ್ತೀ, ಇವರ ಜಾವಳದ ಮುಂಚಿನ ಫೋಟೋ ಎಲ್ಲಿದೆ?"

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗಂಡು ಮಗುವಿನ ಕೂದಲು ತೆಗೆಸುವ ಮೊದಲು ಒಂದು ಸಲ ಲಂಗ ಉಡಿಸಿ, ಜಡೆ ಹಾಕಿ, ಮಲ್ಲಿಗೆ ಮುಡಿಸಿ ಫೋಟೋ ತೆಗೆಸುತ್ತಿದ್ದರು. ನಾನೇ ನನ್ನ ಇಬ್ಬರು ಗಂಡುಮಕ್ಕಳಿಗೆ ಮಾಡಿದ್ದೇನೆ. ಆಗ ಓಣಿಯವರೆಲ್ಲ ಎತ್ತಿಕೊಂಡು ದೃಷ್ಟಿ ತೆಗೆದರು, ಒಬ್ಬರೂ ನಗಲಿಲ್ಲ. ದೊಡ್ಡವನಿಗೆ ಈಗ ಐವತ್ತಾಯಿತು, ಆ ಫೋಟೋ ಅವನ ಮನೆಯ ಗೋಡೆ ಮೇಲೆ ಇದೆ.

ನಿನ್ನ ಯಜಮಾನರಿಗೂ ಹೇಳು. ಜಂಗಲಿ ಮಹಾರಾಜ ರಸ್ತೆಯ ನಾಟಕದ ಥಿಯೇಟರಿಗೆ ಯಾರ ಹೆಸರಿದೆ? ಬಾಲಗಂಧರ್ವರದು. ಗಂಡಸಾಗಿ ಹುಟ್ಟಿ ಹೆಣ್ಣಿನ ಪಾತ್ರಗಳಿಂದಲೇ ಇಡೀ ಮಹಾರಾಷ್ಟ್ರವನ್ನು ಗೆದ್ದವರು. ಅವರು ರಂಗದ ಮೇಲೆ ಉಟ್ಟ ಹಾಗೆ ಸೀರೆ ಉಡಲು ಮನೆಯ ಹೆಣ್ಣುಮಕ್ಕಳು ಆಸೆ ಪಡುತ್ತಿದ್ದರು. 1964ರಲ್ಲಿ ಪದ್ಮಭೂಷಣ ಬಂತು. ಆ ಊರಲ್ಲಿ ಕೂತು ಒಂದು ಫ್ರಾಕಿಗೆ ಯಾಕೆ ಅಂಜುತ್ತೀರಿ?

ಕೋಥ್ರೂಡ್ ಕನ್ನಡತಿ

ಪಾರ್ಟಿ ನಿನ್ನೆ ಆಯಿತು. ಏನಾಯಿತು ಅಂತ ನಿಮಗೆಲ್ಲ ಹೇಳಲೇಬೇಕು.

ಅಜ್ಜಿ, ನೀವು ಹೇಳಿದ್ದನ್ನೇ ಕೇಳಿದೆ. ಅತ್ತೆ ಮೊದಲು ಸುಮ್ಮನೆ ಎದ್ದು ಒಳಗೆ ಹೋದರು. ಬಹಳ ಹೊತ್ತಾದ ಮೇಲೆ ಟ್ರಂಕಿನ ತಳದಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಬಣ್ಣ ಮಾಸಿದ ಫೋಟೋ, ಹುಬ್ಬಳ್ಳಿಯ ಸ್ಟುಡಿಯೋದ್ದು. ಮೂರು ವರ್ಷದ ನಮ್ಮ ಮನೆಯವರು ಜರಿ ಲಂಗ ಉಟ್ಟು ನಿಂತಿದ್ದಾರೆ, ಮೊಗ್ಗಿನ ಜಡೆ ಕಾಣಲಿ ಅಂತ ಹಿಂದೆ ಕನ್ನಡಿ ಇಟ್ಟಿದ್ದಾರೆ. ಕನ್ನಡಿಯ ಅಂಚಿನಲ್ಲಿ ಅದನ್ನು ಹಿಡಿದ ಬೆರಳುಗಳು, ಬಳೆ. ಅತ್ತೆಯ ಕೈ ಅದು. ಅದರ ಮೇಲೆ ಹೆಬ್ಬೆರಳು ಆಡಿಸುತ್ತಾ, "ಅಂದು ಬಿಸಿಲಲ್ಲಿ ಎತ್ತಿಕೊಂಡು ಹೋಗಿದ್ದೆ" ಅಂದರು. ನಮ್ಮ ಮನೆಯವರು ಆ ಫೋಟೋ ನೋಡಿದ್ದು ಅದೇ ಮೊದಲು. ಜ್ವರದ ಮಾತು ಮತ್ತೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಅತ್ತೆ ಸೆರಗು ಹರಿದ ಅರಿಶಿನ ಬಣ್ಣದ ಇಳಕಲ್ ಸೀರೆಯನ್ನು ಹಾಸಿ ಕತ್ತರಿ ಹಿಡಿದಿದ್ದಾರೆ. ಅಂಬ್ರೆಲಾ ಕಟ್ ಘಾಗ್ರಾ, ಅಂಚಿಗೆ ಸೀರೆಯದೇ ದಡಿ, ಸೊಂಟಕ್ಕೆ ಎಲಾಸ್ಟಿಕ್. ಮಡಗಾಂವ್ ಅಕ್ಕ, ಗಂಟಿಗಿಂತ ಮೇಲೆಯೇ ಇತ್ತು. ಕಿರೀಟ ಮತ್ತು ಫೇಟಾ ಎರಡನ್ನೂ ಮುಂದಿಟ್ಟೆ, ಅವನು ಘಾಗ್ರಾದ ಮೇಲೆ ಗುಲಾಬಿ ಫೇಟಾ ಆರಿಸಿಕೊಂಡ.

ಲಿಫ್ಟ್‌ನಲ್ಲಿ ಆ ಪಕ್ಕದ ಫ್ಲೋರಿನವರೇ ಸಿಕ್ಕರು. ಬಾಗಿಲು ತೆರೆದ ಕೂಡಲೇ ನನ್ನ ಎದೆ ಹೊಡೆದುಕೊಂಡಿತು. ಅವರು ಇವನನ್ನು ಮೇಲಿಂದ ಕೆಳಗೆ ನೋಡಿ "ಹೇ ಕಾಯ್?" ಅಂದರು, ಇದೇನು ಅಂತ. ಡೊಂಬಿವಲಿ ಅಣ್ಣ ಹೇಳಿದ ವಾಕ್ಯ ನನ್ನ ನಾಲಿಗೆ ಮೇಲಿತ್ತು, ಅಷ್ಟರಲ್ಲಿ ಹಿಂದೆ ನಿಂತಿದ್ದ ಅತ್ತೆ ತಮ್ಮ ಹರಕು ಮುರುಕು ಮರಾಠಿಯಲ್ಲಿ "ಮೀಚ್ ಶಿವ್ಲಾಯ್" ಅಂದರು. ನಾನೇ ಹೊಲಿದದ್ದು ಅಂತ. ಅವರು ಬಗ್ಗಿ ದಡಿ ಮುಟ್ಟಿ ನೋಡಿ, "ಛಾನ್ ಆಹೇ" ಅಂದರು, ಚೆನ್ನಾಗಿದೆ ಅಂತ. ಇವನ ಕೈ ಬೆನ್ನ ಹಿಂದೆ ಹೋಗಲಿಲ್ಲ. ಘಾಗ್ರಾದ ಎರಡೂ ತುದಿ ಹಿಡಿದು ನಿಂತಿದ್ದ.

ಪಾರ್ಟಿಯಲ್ಲಿ ಕೋಕಂ ಶರಬತ್ತನ್ನೇ ಮಾಡಿಸಿದ್ದರು. ಇವನು ಮುಚ್ಚಳದ ಮೇಲೆ ಒಂದು ಕೈ ಇಟ್ಟು, ನಾಲಿಗೆ ತುದಿ ಹೊರಗೆ ಹಾಕಿಕೊಂಡು, ಒಂಬತ್ತು ಹುಡುಗಿಯರಿಗೂ ಬಗ್ಗಿಸಿದ. ಆರನೆಯವಳ ಹತ್ತಿರ ಫೇಟಾ ಜಾರಿ ಕಣ್ಣಿಗೆ ಬಂತು, ಬರ್ತ್‌ಡೇ ಹುಡುಗಿಯೇ ಎದ್ದು ಬಂದು ಸರಿ ಮಾಡಿದಳು. ಆಮೇಲೆ ಎಲ್ಲರೂ ತಿರುಗಿದರು. ಬಲೆಯ ಫ್ರಾಕುಗಳು ಅಷ್ಟಾಗಿ ಅರಳಲಿಲ್ಲ, ಇಳಕಲ್ ಮಾತ್ರ ಪೂರ್ತಿ ಅರಳಿತು. ಫೋಟೋಗಳು ಗ್ರೂಪ್‌ಗೆ ಬಂದಿಲ್ಲ. ನಮ್ಮ ಫೋನಿನಲ್ಲಿ ಮೂರು ಇವೆ, ಒಂದನ್ನು ಪ್ರಿಂಟ್ ಮಾಡಿಸಿ ಆ ಡಬ್ಬಿಯಲ್ಲಿ ಇಡಬೇಕು ಅಂತ ಅತ್ತೆ ಹೇಳಿದ್ದಾರೆ.

ಈಗ ಒಂದೇ ಸಮಸ್ಯೆ. ಘಾಗ್ರಾದ ಮುಂಭಾಗದಲ್ಲಿ ಅಂಗೈ ಅಗಲ ಕೋಕಂ ಚೆಲ್ಲಿದೆ. ಎರಡು ಸಲ ತಣ್ಣೀರಲ್ಲಿ ಅದ್ದಿದೆ, ಹೋಗಿಲ್ಲ. ಹಳೆಯ ಇಳಕಲ್, ಬಣ್ಣ ಬಿಡಬಾರದು. ಮಂಗಳವಾರ ಅದನ್ನೇ ಹಾಕಿಕೊಳ್ಳಬೇಕು ಅಂತ ಹಟ ಹಿಡಿದಿದ್ದಾನೆ. ಕಲೆ ತೆಗೆಯಲು ಯಾರಿಗಾದರೂ ಗೊತ್ತಿದ್ದರೆ ಬೇಗ ಹೇಳಿ.