ಮಿರರ್ ಸರ್ವರ್‌ನ್ಯಾಗ ರಾತ್ರಿ ಚೆಕ್‌ಸಮ್‌ಗೆ ಎರಡು ತಾಸು: ಎಂಡಿ5ಕ್ಕ ಇಳೀಬೇಕಾ?

ಕೆಲಗೇರಿ_ಲ್ಯಾಬ್:
ಧಾರವಾಡದಾಗ ಕಾಲೇಜು ಲ್ಯಾಬ್, 40 ಉಬುಂಟು ಮಷೀನ್. ಲೋಕಲ್ ಮಿರರ್ (ಉಬುಂಟು ಪ್ಯಾಕೇಜ್‌ಗಳ ನಮ್ಮಲ್ಲಿನ ನಕಲು) 600 ಜಿಬಿ, ಸಾದಾ ಹಾರ್ಡ್‌ಡಿಸ್ಕ್. ದಿನಾ ರಾತ್ರಿ ಸಿಂಕ್ ಆದ ಮ್ಯಾಲೆ ಎಲ್ಲಾ ಪ್ಯಾಕೇಜಿಗೂ ಎಸ್‌ಎಚ್‌ಎ256 ಹ್ಯಾಶ್ (ಚೆಕ್‌ಸಮ್, ಫೈಲ್ ಬದಲಾದ್ರ ತಾನೂ ಬದಲಾಗೂ ಗುರುತಿನ ಸಂಖ್ಯೆ) ತಾಳೆ ನೋಡ್ತೈತಿ, ಎರಡು ತಾಸು ಹಿಡಿತೈತಿ. ಹಳೇ ಹ್ಯಾಶ್ ವಿಧಾನ ಎಂಡಿ5 ಹಾಕಿದ್ರ ಲಗೂ ಆಗ್ತೈತ್ರಿ? ಇಲ್ಲಾ ತಪಾಸಣೆನ ಬಿಟ್ರ ನಡೀತೈತಾ?

ಉಣಕಲ್_ರೂಟ್:
ಎಂಡಿ5ಕ್ಕ ಇಳಿದ್ರ ಹೊತ್ತೇನೂ ಉಳಿಯಂಗಿಲ್ರಿ. ಡಿಸ್ಕ್ ಸೆಕೆಂಡಿಗೆ 120 ಎಂಬಿ ಓದಿದ್ರ 600 ಜಿಬಿ ಬರೇ ಓದಾಕ 83 ನಿಮಿಷ ಬೇಕು. ಸಣ್ಣ ಫೈಲ್ ಸಾವಿರಗಟ್ಟಲೆ, ಡಿಸ್ಕಿನ ಓದೂ ಹೆಡ್ ಅತ್ತಿತ್ತ ಓಡ್ಯಾಡೂದ್ರಾಗ ಉಳಿದ ಹೊತ್ತು ಹೋಗ್ತೈತಿ. ಬೇಕಾದ್ರ ಅಳದು ನೋಡ್ರಿ: ಇವತ್ತು ಯಾರೂ ಮುಟ್ಟದ 1 ಜಿಬಿ ಫೈಲಿಗೆ ‘ಟೈಮ್’ ಕಮಾಂಡ್ ಹಚ್ಚಿ ಎಸ್‌ಎಚ್‌ಎ256ಸಮ್ ಎರಡು ಸಲ ಓಡಿಸ್ರಿ. ಮದಲನೇದು ಡಿಸ್ಕಿಂದ, ಎರಡನೇದು ರ್‍ಯಾಮಿಂದ. 9 ಸೆಕೆಂಡ್, ಆಮ್ಯಾಲೆ 3 ಬಂದ್ರ ತಡ ಡಿಸ್ಕಿಂದು, ಹ್ಯಾಶ್‌ದಲ್ಲ. ನಾಕು ಪ್ರೊಸೆಸ್ ಒಮ್ಮೆಲೆ ಬಿಟ್ರ ಇಂಥಾ ಡಿಸ್ಕ್ ಇನ್ನೂ ತೆವಳ್ತೈತಿ.

ಗದಗ_ಬ್ಯಾಶ್:
ಕಳ್ಳ ಪ್ಯಾಕೇಜ್ ತಡಿಯೂದು ನಿಮ್ಮ ರಾತ್ರಿ ಸ್ಕ್ರಿಪ್ಟ್ ಅಲ್ರಿ, ಕ್ಲೈಂಟ್‌ನ್ಯಾಗಿನ (ಲ್ಯಾಬ್ ಮಷೀನ್‌ನ್ಯಾಗಿನ) ಆಪ್ಟ್, ಅಂದ್ರ ಪ್ಯಾಕೇಜ್ ಇನ್‌ಸ್ಟಾಲ್ ಮಾಡೂ ಪ್ರೋಗ್ರಾಂ. ಮಿರರ್‌ನ್ಯಾಗಿನ ಇನ್‌ರಿಲೀಸ್ ಫೈಲಿಗೆ ಜಿಪಿಜಿ ಸಹಿ (ಕೀಲಿಯಿಂದ ಹಾಕೂ ಡಿಜಿಟಲ್ ಸಹಿ), ಅದರಾಗ ಪ್ಯಾಕೇಜಸ್ ಫೈಲಿನ (ಪ್ಯಾಕೇಜ್ ಪಟ್ಟಿಯ) ಹ್ಯಾಶ್, ಆ ಪಟ್ಟಿಯಾಗ ಒಂದೊಂದು ಡೆಬ್‌ನ (ಪ್ಯಾಕೇಜ್ ಫೈಲಿನ) ಹ್ಯಾಶ್. ಈ ಸರಪಳಿ 40 ಮಷೀನ್‌ನ್ಯಾಗೂ ಇನ್‌ಸ್ಟಾಲ್‌ಗಿಂತ ಮುಂಚೆ ತಾನ ನಡೀತೈತಿ. ಸೋರ್ಸಸ್ ಲಿಸ್ಟ್‌ನ್ಯಾಗ (ಆಪ್ಟ್ ಎಲ್ಲಿಂದ ತರಬೇಕು ಅನ್ನೂ ಪಟ್ಟಿ) ಯಾರರ ‘ಟ್ರಸ್ಟೆಡ್=ಯೆಸ್’ ಅಂತ ಬರೆದಿಟ್ಟಿದ್ರ ಅದನ್ನ ಮದ್ಲ ಕಿತ್ತು ಹಾಕ್ರಿ, ಅದು ಇದ್ರ ಆಪ್ಟ್ ಸಹಿನ ಕೇಳೂದಿಲ್ಲ.

ಹಂಗಾರ ರಾತ್ರಿ ತಪಾಸಣೆ ಡಿಸ್ಕ್ ಕೆಟ್ಟದ್ದು ಹಿಡಿಯಾಕಷ್ಟ. ಹೊಸಾ ಫೈಲ್ ದಿನಾ ನೋಡ್ರಿ, ಹಳೇದ್ರಾಗ ಏಳನೇ ಒಂದು ಪಾಲು. ದಿನಕ್ಕ 86 ಜಿಬಿ, 20 ನಿಮಿಷದಾಗ ಮುಗೀತೈತಿ. ಇಳಿಸ್ಕೊಳ್ಳೂವಾಗ ‘.ಪಾರ್ಟ್’ ಹೆಸರಿಗೆ ಬರೀರಿ, ಹ್ಯಾಶ್ ಕೂಡಿದ ಮ್ಯಾಲೆನ ಅದ ಪಾರ್ಟಿಷನ್‌ನ್ಯಾಗ ಹೆಸರು ಬದಲಿಸ್ರಿ. ನಡುವ ಕರೆಂಟ್ ಹೋದ್ರೂ ಅರ್ಧಮರ್ಧ ಫೈಲ್ ಪೂಲ್‌ಗೆ (ಡೆಬ್ ಇರೂ ಫೋಲ್ಡರಿಗೆ) ಬರೂದಿಲ್ಲ.

ಕೆಲಗೇರಿ_ಲ್ಯಾಬ್:
ಸಿಂಕ್ ನಡದಾಗ ಕ್ಲೈಂಟ್‌ನ್ಯಾಗ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಬರ್ತೈತಿ. ಅದೂ ಡಿಸ್ಕಿಂದಾ?

ಗದಗ_ಬ್ಯಾಶ್:
ಅಲ್ಲ, ಕ್ರಮ ತಪ್ಪೈತಿ. ಇನ್‌ರಿಲೀಸ್ ಹೊಸದು, ಪ್ಯಾಕೇಜಸ್ ಹಳೇದು ಇದ್ದ ಗಳಿಗ್ಯಾಗ ಕ್ಲೈಂಟ್ ಬಂದಿರತೈತಿ. ಆರ್‌ಸಿಂಕ್ (ಸಿಂಕ್ ಮಾಡೂ ಪ್ರೋಗ್ರಾಂ) ಎರಡು ಸುತ್ತು ಮಾಡ್ರಿ: ಮದ್ಲ ಪೂಲ್, ಆಮ್ಯಾಲೆ ಡಿಸ್ಟ್ಸ್ (ಇನ್‌ರಿಲೀಸ್, ಪ್ಯಾಕೇಜಸ್ ಇರೂ ಫೋಲ್ಡರ್). ಹಳೇದು ಅಳಸೂದು ಎಲ್ಲಾದ್ರ ಕಡೀಕ.

ಉಣಕಲ್_ರೂಟ್:
ಇನ್ನೊಂದು. ವೆಬ್‌ಸೈಟಿಂದ ಸೀದಾ ಇಳಿಸಿದ ಡೆಬ್, ಐಎಸ್‌ಒಗಳಿಗೆ (ಓಎಸ್ ಹಾಕೂ ಇಡೀ ಡಿಸ್ಕಿನ ನಕಲು) ಆಪ್ಟ್‌ನ ಸರಪಳಿ ಇರೂದಿಲ್ಲ. ಅಲ್ಲಿ ಎಂಡಿ5 ಬ್ಯಾಡ್ರಿ, ಅದರ ಡಿಕ್ಕಿ (ಎರಡು ಬ್ಯಾರೆ ಫೈಲಿಗೆ ಒಂದ ಹ್ಯಾಶ್ ಬರೂದು) 2004ರಾಗ ತೋರಿಸಿ ಆಗೇತಿ, ಎಸ್‌ಎಚ್‌ಎ1ದು 2017ರಾಗ. ಹ್ಯಾಶ್ ಗಟ್ಟಿ ಇದ್ರೂ ಫೈಲ್ ಇದ್ದ ಪುಟದಾಗ ಅದೂ ಇದ್ರ ಪುಟ ಒಡದಾವ ಎರಡನ್ನೂ ಬದಲಿಸ್ತಾನ. 2016ರ ಫೆಬ್ರವರಿಯಾಗ ಲಿನಕ್ಸ್ ಮಿಂಟ್ ಸೈಟ್ ಒಡದು ಡೌನ್‌ಲೋಡ್ ಲಿಂಕ್‌ನ ಹಿಂಗ ತಿರುವಿದ್ರು. ಮದ್ಲ ಹ್ಯಾಶ್ ಪಟ್ಟಿ ಇರೂ ಎಸ್‌ಎಚ್‌ಎ256ಸಮ್ಸ್ ಫೈಲಿನ ಜಿಪಿಜಿ ಸಹಿ ನೋಡ್ರಿ, ಆಮ್ಯಾಲೆ ಹ್ಯಾಶ್. ಸಹಿ ಕೀಲಿಯ ಫಿಂಗರ್‌ಪ್ರಿಂಟ್ (ಕೀಲಿಯ ಗುರುತಿನ ಸಂಖ್ಯೆ) ಮಾತ್ರ ಬ್ಯಾರೆ ಕಡೆಯಿಂದ ತರ್ರಿ.