ಸೆನೆಗಲ್‌ನಲ್ಲಿ ಒಂದು ಮನೆಯವರ ಜೊತೆ ಇದ್ದು ಓದುವುದು: ಅವರಿಗೆ ಹೊರೆ ಆಗುತ್ತೇನಾ?

ಮಳೆಬಿಲ್ಲು:
ಎಲ್ಲರಿಗೂ ನಮಸ್ಕಾರ. ನಾನು ಫ್ರೆಂಚ್ ಎಂ.ಎ. ಓದುತ್ತಿದ್ದೇನೆ. ಸೆಪ್ಟೆಂಬರ್‌ನಿಂದ ನಾಲ್ಕು ತಿಂಗಳು ಸೆನೆಗಲ್‌ನ ಡಾಕರ್‌ನಲ್ಲಿ ಓದುವ ಅವಕಾಶ ಸಿಕ್ಕಿದೆ. ಹಾಸ್ಟೆಲ್ ಇಲ್ಲ, ಅಲ್ಲಿನ ಒಂದು ಮನೆಯಲ್ಲೇ ಇರಬೇಕು. ಮನೆಯಲ್ಲಿ ಹನ್ನೊಂದು ಜನ ಇದ್ದಾರಂತೆ, ನನಗೆ ಮಾತ್ರ ಪ್ರತ್ಯೇಕ ರೂಮು ಕೊಡುತ್ತಾರಂತೆ. ಅಷ್ಟು ಜನರ ಮನೆಯಲ್ಲಿ ನನಗೊಬ್ಬಳಿಗೇ ಒಂದು ರೂಮು ಅಂದರೆ ಇನ್ಯಾರೋ ಇಬ್ಬರು ಮೂವರು ತಮ್ಮ ಜಾಗ ಬಿಟ್ಟುಕೊಟ್ಟಿದ್ದಾರೆ ಅಂತ ತಾನೇ? ಅವರಿಗೆ ನನಗಿಂತ ಅನುಕೂಲ ಕಮ್ಮಿ. ಅವರ ಜಾಗ ಕಿತ್ತುಕೊಂಡು, ಅವರ ಅನ್ನ ತಿಂದುಕೊಂಡು ಇರುವುದು ಹೇಗೆ ಅಂತ ಯೋಚಿಸಿ ನಿದ್ದೆ ಬರುತ್ತಿಲ್ಲ. ಜೊತೆಗೆ ನಾನು ಮೀನು, ಮಾಂಸ ಯಾವುದನ್ನೂ ತಿನ್ನುವುದಿಲ್ಲ. ಹೋಗಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ.

ಅಂಗಳದಚಾಪೆ:
ನಾನು 2019ರಲ್ಲಿ ಡಾಕರ್‌ನಲ್ಲಿ ಐದು ತಿಂಗಳು ಹೀಗೇ ಇದ್ದೆ. ನಿಮ್ಮ ಊಹೆ ಸರಿ, ನಮ್ಮ ಮನೆಯಲ್ಲೂ ದೊಡ್ಡ ಮಗಳು ನನಗೋಸ್ಕರ ತಂಗಿಯರ ರೂಮಿಗೆ ಹೋಗಿದ್ದಳು. ಆದರೆ ನೀವು ಬಿಟ್ಟಿ ಇರುವುದಿಲ್ಲ. ಓದಿಸುವ ಸಂಸ್ಥೆ ಮನೆಯವರಿಗೆ ತಿಂಗಳು ತಿಂಗಳು ದುಡ್ಡು ಕೊಡುತ್ತದೆ. ನಮ್ಮ ಮನೆಯಲ್ಲಿ ಅದು ಕಿರಿಯ ಮಗನ ಶಾಲೆಯ ಫೀಸಿಗೆ ಹೋಗುತ್ತಿತ್ತು, ಅಮ್ಮನೇ ಹೇಳಿದರು, ಹೇಳುವಾಗ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಸಂಕೋಚ ಎಲ್ಲಾ ನನಗೇ ಇದ್ದದ್ದು. ನೀವು ತಲೆ ತಗ್ಗಿಸಿಕೊಂಡು ಓಡಾಡಿದರೆ ಅವರಿಗೆ ಅದೇ ಬೇಜಾರು.

ನಾನು ಮಾಡಿದ ತಪ್ಪು ಬೇರೆ. ಮೊದಲ ವಾರ ಕ್ಲಾಸ್ ಮುಗಿಸಿ ಬಂದು, ಯಾರಿಗೂ ತೊಂದರೆ ಆಗದಿರಲಿ ಅಂತ ರೂಮಿನ ಬಾಗಿಲು ಹಾಕಿಕೊಂಡು ಓದುತ್ತಾ ಕೂರುತ್ತಿದ್ದೆ. ಒಂದೊಂದು ಮಗುವಾಗಿ ಬಂದು ಬಾಗಿಲು ತಟ್ಟುತ್ತಿತ್ತು. ಕೊನೆಗೆ ಅಜ್ಜಿಯೇ ಬಂದರು. ಹುಷಾರಿಲ್ಲವಾ, ಯಾರ ಮೇಲಾದರೂ ಕೋಪವಾ ಅಂತ ಕೇಳಿದರು. ಹಗಲು ಹೊತ್ತಿನಲ್ಲಿ ಒಬ್ಬರೇ ಬಾಗಿಲು ಹಾಕಿಕೊಂಡು ಕೂತರೆ ಆ ಮನೆಯಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಆಮೇಲೆ ಅಂಗಳದಲ್ಲಿ ಚಾಪೆ ಹಾಕಿಕೊಂಡು ಓದಲು ಶುರು ಮಾಡಿದೆ. ಓದು ಅರ್ಧಕ್ಕರ್ಧ ಕಮ್ಮಿ ಆಯಿತು, ಅದು ನಿಜ. ಅಲ್ಲಿನ ವೋಲೋಫ್ ಭಾಷೆ ಕಲಿತದ್ದು ಮಾತ್ರ ಆ ಚಾಪೆಯ ಮೇಲೆಯೇ.

ಹ್ಞಾಂ, ವೋಲೋಫ್. ಫ್ರೆಂಚ್ ಆಫೀಸಿನಲ್ಲಿ, ಕಾಲೇಜಿನಲ್ಲಿ ನಡೆಯುತ್ತದೆ, ಮನೆಯೊಳಗಿನ ಮಾತು ಹೆಚ್ಚಾಗಿ ವೋಲೋಫ್. ನಮ್ಮ ಅಜ್ಜಿಗೆ ಫ್ರೆಂಚ್ ಬರುತ್ತಲೇ ಇರಲಿಲ್ಲ. ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಮುಂದೆ ಹೋಗಬೇಡಿ. ‘ನಂಗ ದೆಫ್’ ಅಂದರೆ ಹೇಗಿದ್ದೀರಿ ಅಂತ. ಅದಕ್ಕೆ ಉತ್ತರ ‘ಮಾಂಗಿ ಫಿ’, ಇಲ್ಲೇ ಇದ್ದೇನೆ ಅಂತ. ಅಷ್ಟಕ್ಕೇ ಮುಗಿಯುವುದಿಲ್ಲ, ಮನೆಯವರೆಲ್ಲ ಹೇಗಿದ್ದಾರೆ ಅಂತಲೂ ಕೇಳಬೇಕು. ಬೆಳಿಗ್ಗೆ ಕ್ಲಾಸಿಗೆ ಹೊರಡುವಾಗ ಇದಕ್ಕೇ ಹತ್ತು ನಿಮಿಷ ಇಟ್ಟುಕೊಳ್ಳಿ.

ಕಡಲೆಬೀಜ:
ಊಟದ ವಿಷಯ ನಾನು ಹೇಳುತ್ತೇನೆ, ನಾನೂ ಸಸ್ಯಾಹಾರಿಯೇ. ಅಲ್ಲಿನ ಮುಖ್ಯ ಊಟ ಚೆಬುಜೆನ್, ಅಂದರೆ ಮೀನು ಅನ್ನ. 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು, ಅವರಿಗೆ ಅದರ ಮೇಲೆ ಅಷ್ಟು ಅಭಿಮಾನ. ಅಕ್ಕಿ ಬೇಯುವುದೇ ಮೀನು ಬೇಯಿಸಿದ ನೀರಿನಲ್ಲಿ. ಹಾಗಾಗಿ ಮೀನು ಪಕ್ಕಕ್ಕೆ ಸರಿಸಿ ಅನ್ನ ತಿನ್ನುತ್ತೇನೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಹೋಗುವ ಮುಂಚೆಯೇ ಬರೆದು ತಿಳಿಸಿ. ಊಟಕ್ಕೆ ಕೂತಾಗ ಹೇಳಿದರೆ ಅಡುಗೆ ಮಾಡಿದವರಿಗೆ ತುಂಬಾ ನೋವಾಗುತ್ತದೆ. ‘ವಿಯಾಂದ್’ (ಫ್ರೆಂಚ್‌ನಲ್ಲಿ ಮಾಂಸ) ಬೇಡ ಅಂತ ಮಾತ್ರ ಹೇಳಿದರೂ ಸಾಲದು, ನನಗೆ ಮೊದಲ ದಿನ ಕೋಳಿ ಬಂತು, ಮಾರನೇ ದಿನ ಮೀನು. ಮೀನು, ಕೋಳಿ, ಮಾಂಸ ಅಂತ ಒಂದೊಂದರ ಹೆಸರೂ ಹೇಳಿ.

ಸಿಗುವುದೂ ಬೇಕಾದಷ್ಟಿದೆ. ಅಲಸಂದೆ ಬೇಯಿಸಿ ಬ್ರೆಡ್ಡಿನೊಳಗೆ ತುಂಬಿ ಕೊಡುವ ‘ಎಂಡಾಂಬೆ’ಯಲ್ಲೇ ನನ್ನ ಬೆಳಗಿನ ತಿಂಡಿ ಮುಗಿಯುತ್ತಿತ್ತು. ‘ಮಾಫೆ’ ಅಂತ ಕಡಲೆಬೀಜದ ಸಾರು ಇದೆ, ಕೇಳಿಕೊಂಡರೆ ಮಾಂಸ ಇಲ್ಲದೆ ಮಾಡುತ್ತಾರೆ. ಸಜ್ಜೆಯ ಗಂಜಿಗೆ ಹುಳಿ ಹಾಲು ಹಾಕಿ ಕೊಡುವುದೂ ಇದೆ.

ಕಷ್ಟ ಅಂದರೆ ತಟ್ಟೆ. ಅಲ್ಲಿ ಎಲ್ಲರೂ ಒಂದೇ ದೊಡ್ಡ ಬೋಗುಣಿಯ ಸುತ್ತ ಕೂತು, ತಮ್ಮ ಮುಂದಿನ ಭಾಗವನ್ನಷ್ಟೇ ತಿನ್ನುತ್ತಾರೆ. ಮನೆಯ ಹೆಂಗಸು ಮೀನು, ಗೆಣಸು, ಎಲೆಕೋಸು ಎಲ್ಲಾ ಮುರಿದು ಒಬ್ಬೊಬ್ಬರ ಮುಂದೆ ಹಾಕುತ್ತಾ ಹೋಗುತ್ತಾರೆ. ನನಗೆ ಮಾತ್ರ ಬೇರೆ ತಟ್ಟೆ, ಬೇರೆ ಮೂಲೆ. ಒಂದು ವಾರ ಹಾಗೆ ಒಬ್ಬನೇ ತಿಂದು ಅಳು ಬಂದುಬಿಡ್ತು. ಎಂಟನೇ ದಿನ ತಟ್ಟೆ ಎತ್ತಿಕೊಂಡು ಹೋಗಿ ಅವರ ನಡುವೆಯೇ ಕೂತೆ. ಯಾರೂ ಏನೂ ಅನ್ನಲಿಲ್ಲ, ಸರಿದು ಜಾಗ ಕೊಟ್ಟರು. ನೀವು ಮೊದಲ ದಿನವೇ ಹಾಗೆ ಮಾಡಿ. ಹೊಟ್ಟೆ ತುಂಬಿತು ಅನ್ನಲು ‘ಸೂರ್ ನಾ’. ಮೂರು ಸಲ ಹೇಳಬೇಕಾಗುತ್ತದೆ.

ಎರಡನೇಮನೆ:
ಒಳ್ಳೆಯದನ್ನು ಎಲ್ಲರೂ ಹೇಳಿದ್ದಾರೆ, ನಾನು ಇನ್ನೊಂದನ್ನು ಹೇಳಲೇಬೇಕು. ನನ್ನ ಮೊದಲ ಮನೆಯಲ್ಲಿ ಎರಡನೇ ತಿಂಗಳಿಂದ ಊಟ ಕಮ್ಮಿ ಆಗುತ್ತಾ ಬಂತು. ಜಿಪುಣರು ಅಂದುಕೊಂಡು ಮನಸ್ಸಿನಲ್ಲೇ ಬೈದುಕೊಂಡೆ. ಆಮೇಲೆ ಗೊತ್ತಾಯಿತು, ನನ್ನನ್ನು ಕಳಿಸಿದ ಸಂಸ್ಥೆ ಎರಡು ತಿಂಗಳಿಂದ ಅವರಿಗೆ ದುಡ್ಡೇ ಕೊಟ್ಟಿರಲಿಲ್ಲ. ಅವರು ಮಾನಕ್ಕೆ ಅಂಜಿ ನನ್ನ ಹತ್ತಿರ ಹೇಳಿರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಮಳೆಬಿಲ್ಲು, ನಿಮಗೆ ಅವರ ಮೇಲೆ ನಿಜವಾದ ಕಾಳಜಿ ಇದ್ದರೆ ಎಷ್ಟು ಕೊಡುತ್ತೀರಿ, ಯಾವ ತಾರೀಖಿಗೆ ಕೊಡುತ್ತೀರಿ ಅಂತ ಹೋಗುವ ಮುಂಚೆಯೇ ಸಂಸ್ಥೆಯವರನ್ನು ಕೇಳಿ, ಅಲ್ಲಿ ಹೋದ ಮೇಲೂ ಬಿಡದೆ ವಿಚಾರಿಸಿ. ಇಲ್ಲಿ ಕೂತು ನಿದ್ದೆಗೆಡುವುದಕ್ಕಿಂತ ಅದು ಅವರಿಗೆ ಜಾಸ್ತಿ ಉಪಯೋಗ. ರೂಮಿಗೆ ಒಳಗಿನಿಂದ ಚಿಲಕ ಇದೆಯಾ ಅಂತಲೂ ಕೇಳಿ. ಹೊಂದಿಕೆ ಆಗದಿದ್ದರೆ ಮನೆ ಬದಲಾಯಿಸಿ ಅಂತ ಹೇಳುವುದು ಅವಮಾನ ಅಲ್ಲ, ನಾನು ಹೇಳಿದೆ, ಎರಡನೇ ಮನೆಯಲ್ಲಿ ಚೆನ್ನಾಗಿದ್ದೆ.

ಆರೋಗ್ಯದ ಬಗ್ಗೆ ಯಾರೂ ಬರೆದಿಲ್ಲ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ, ಆ ಕಾರ್ಡು ಪಾಸ್‌ಪೋರ್ಟಿನ ಜೊತೆಯೇ ಇರಲಿ. ಕಾರ್ಡಿಲ್ಲದೆ ಭಾರತಕ್ಕೆ ವಾಪಸ್ ಬಂದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ನೀವು ಹೋಗುವ ಸೆಪ್ಟೆಂಬರ್ ಅಲ್ಲಿ ಮಳೆಗಾಲ, ಮಲೇರಿಯಾ ಕಾಲ. ಮಾತ್ರೆಯನ್ನು ಹೊರಡುವ ಮುಂಚೆಯೇ ಶುರು ಮಾಡಬೇಕು, ಬೇಗ ಡಾಕ್ಟರ್ ಹತ್ತಿರ ಹೋಗಿ.

ಮಳೆಬಿಲ್ಲು:
ಎಲ್ಲರಿಗೂ ಧನ್ಯವಾದ. ಸಂಸ್ಥೆಗೆ ಇವತ್ತೇ ಬರೆದೆ, ದುಡ್ಡಿನ ತಾರೀಖು ಕೇಳಿದ್ದೇನೆ, ಊಟದ ವಿಷಯವನ್ನೂ ಒಂದೊಂದೇ ಹೆಸರು ಹಾಕಿ ತಿಳಿಸಿದ್ದೇನೆ. ಇನ್ನೊಂದೇ ಪ್ರಶ್ನೆ. ಮನೆಯವರಿಗೆ ಏನಾದರೂ ಕೊಡಬೇಕು ಅನಿಸುತ್ತಿದೆ. ದುಡ್ಡು ಕೊಟ್ಟರೆ ತಪ್ಪಾಗುತ್ತಾ?

ಅಂಗಳದಚಾಪೆ:
ಕೈಗೆ ದುಡ್ಡು ಕೊಡಬೇಡಿ, ಬಾಡಿಗೆದಾರರ ಥರ ಆಗಿಬಿಡುತ್ತದೆ. ಅಲ್ಲೇ ಹಸಿರು ಚಹಾ ಪುಡಿ, ಸಕ್ಕರೆ ಕೊಂಡು ಮನೆಗೆ ತನ್ನಿ. ಮಧ್ಯಾಹ್ನದ ಊಟ ಆದ ಮೇಲೆ ‘ಅತಾಯ’ ಅಂತ ಮೂರು ಸುತ್ತು ಚಹಾ ಮಾಡುತ್ತಾರೆ. ಮೊದಲನೇದು ಕಹಿ, ಮೂರನೇದು ಸಿಹಿ, ಎರಡು ಗಂಟೆಯೂ ಹಿಡಿಯಬಹುದು. ಮೂರನೇ ಲೋಟದವರೆಗೆ ಕೂತಿರಿ. ನೀವು ತಂದ ಸಕ್ಕರೆ ಅದಕ್ಕೆ ಹಾಕಿದಾಗ ಅಜ್ಜಿಯ ಮುಖ ನೋಡಿ.

ಇನ್ನೊಂದು, ಕೊನೆಯ ದಿನಕ್ಕೆ. ಊಟಕ್ಕೆ, ಕೊಡುವುದಕ್ಕೆ, ಕೈ ಕುಲುಕುವುದಕ್ಕೆ ಎಲ್ಲಾ ಅಲ್ಲಿ ಬಲಗೈ. ಆದರೆ ಮನೆಯವರೊಬ್ಬರು ದೂರ ಹೊರಟಾಗ ಬೇಕಂತಲೇ ಎಡಗೈ ಕುಲುಕುತ್ತಾರೆ. ಆ ತಪ್ಪನ್ನು ಸರಿ ಮಾಡಲಿಕ್ಕಾದರೂ ಅವರು ವಾಪಸ್ ಬರಬೇಕು ಅಂತ. ನಾನು ಹೊರಟ ದಿನ ಅಮ್ಮ ಬಾಗಿಲಲ್ಲಿ ನಿಂತು ಎಡಗೈ ಚಾಚಿದರು. ನನಗೆ ಇನ್ನೂ ಹೋಗಲು ಆಗಿಲ್ಲ. ಹಬ್ಬಕ್ಕೆ ಫೋನ್ ಮಾಡಿದಾಗಲೆಲ್ಲ ಬಲಗೈ ಯಾವಾಗ ಅಂತ ಕೇಳುತ್ತಾರೆ.